ಜಗುಲಿಯ ಮೇಲಿನ ತಮಟೆ

ತಂತಿ ಎಳೆದವರು ನಾವೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಈ ತಂತಿ ಬೇಡ ಎಂದಾಗ ಊರಿನವರು ನಮ್ಮನ್ನು ಮೊದಲು ಕೇಳಿದ್ದೂ ಇದನ್ನೇ. ಎಳೆಯುವಾಗ ಬಾಯಿ ಎಲ್ಲಿಟ್ಟುಕೊಂಡಿದ್ದಿರಿ ಎಂದರು. ಬಾಯಿ ಇದ್ದ ಜಾಗದಲ್ಲೇ ಇತ್ತು. ಐಸಾ ಎನ್ನುತ್ತಿತ್ತು.

ಅದು ಎಂಬತ್ತೊಂದನೇ ಇಸವಿ. ಪೀಣ್ಯದ ಕಾರ್ಖಾನೆಗಳಿಗೆ ಕರೆಂಟು ಸಾಲುತ್ತಿರಲಿಲ್ಲ. ಬಾಗಲಗುಂಟೆಯ ಆಚೆಯಿಂದ ನಮ್ಮ ತಿಮ್ಮನಕುಂಟೆಯ ಮೇಲೆ ಹಾದು ಹೊಸ ಲೈನು ಹೋಗಬೇಕಾಗಿತ್ತು. ಉಕ್ಕಿನ ಟವರುಗಳಿಗೆ ಗುಂಡಿ ತೋಡಿದವರು ನಮ್ಮ ಕೇರಿಯ ಗಂಡಸರು. ಗುಂಡಿಗೆ ಕಾಂಕ್ರೀಟು ಹೊತ್ತು ಸುರಿದವರು ನಮ್ಮ ಹೆಂಗಸರು. ಕೊನೆಗೆ ತಂತಿ ಬಂತು. ಬಟ್ಟೆ ಒಣಗಿಸುವ ತಂತಿಯಲ್ಲ. ಹೆಬ್ಬೆರಳಿನ ದಪ್ಪದ ಹುರಿ. ಅದರ ತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಸಾಲಾಗಿ ನಿಂತು ಹೊಲ, ಹಳ್ಳ, ಕಳ್ಳಿಬೇಲಿ ದಾಟಿ ಎಳೆಯಬೇಕು. ಎತ್ತು ಕಟ್ಟಬಹುದಲ್ಲ ಎಂದು ಯಾರೋ ಕೇಳಿದರು. ಎತ್ತಿನ ಕಾಲು ಮುರಿದರೆ ಅದರ ಮಾಲೀಕ ಜಗಳಕ್ಕೆ ಬರುತ್ತಾನೆ ಎಂದು ಲೈನಿನ ಮೇಸ್ತ್ರಿ ಲಕ್ಷ್ಮಯ್ಯ ಹೇಳಿದ. ನಮ್ಮ ಕಾಲಿಗೆ ಮಾಲೀಕರಿರಲಿಲ್ಲ.

ನಾನೂ ಎಳೆದೆ. ಬಿ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತ ಕೂತಿದ್ದೆ. ಕೇರಿಯಲ್ಲಿ ಅಷ್ಟು ಓದಿದವನು ನಾನೊಬ್ಬನೇ ಆದ್ದರಿಂದ ನನ್ನ ಹೆಸರನ್ನು ಎಲ್ಲರೂ ಮರೆತು ಬಿಎ ಎಂದೇ ಕರೆಯುತ್ತಿದ್ದರು. ನನ್ನದು ಮಾತು ಕಡಿಮೆ. ಅದನ್ನು ಅವರು ಓದಿನ ಅಡ್ಡಪರಿಣಾಮ ಎಂದುಕೊಂಡಿದ್ದರು. ಸಂಜೆಯ ಹೊತ್ತಿಗೆ ಹೆಗಲ ಚರ್ಮ ಸುಲಿದು ಅಂಗಿಗೆ ಅಂಟಿಕೊಂಡಿತು. ಹಗ್ಗದಲ್ಲಿ ನನ್ನ ಹಿಂದೆ ಇದ್ದವನು ಚಿಕ್ಕಪ್ಪ ನಲ್ಲಪ್ಪ.

"ನಿನ್ ಎಗಲಲ್ಲಿ ಅಕ್ಸರ ಜಾಸ್ತಿ, ಮಾಂಸ ಕಮ್ಮಿ ಕಣೋ ಬಿಎ" ಎಂದ.

ಇಡೀ ಸಾಲು ನಕ್ಕಿತು. ನಕ್ಕಾಗ ಹಗ್ಗ ಸಡಿಲವಾಯಿತು. ಲಕ್ಷ್ಮಯ್ಯ ನಮ್ಮ ತಾಯಂದಿರನ್ನು ಎತ್ತಿ ಬೈದ. ಹಗ್ಗ ಮತ್ತೆ ಬಿಗಿಯಾಯಿತು.

ಇಷ್ಟು ಮೈಮುರಿದು ಎಳೆದದ್ದು ಕೂಲಿಗಾಗಿ ಮಾತ್ರವಲ್ಲ. ನಮ್ಮದು ಒಂದು ತಪ್ಪು ಎಣಿಕೆ ಇತ್ತು. ತಂತಿ ಬಂದರೆ ದೀಪ ಬರುತ್ತದೆ ಎಂದುಕೊಂಡಿದ್ದೆವು. ಊರಿನ ಮನೆಗಳಿಗೆ ಆಗಲೇ ದೀಪ ಇತ್ತು. ಊರಿನ ಕೊನೆಯ ಕಂಬಕ್ಕೂ ಕೇರಿಯ ಮೊದಲ ಮನೆಗೂ ನಡುವೆ ಒಂದು ಚರಂಡಿ ಮಾತ್ರ. ಆ ಚರಂಡಿಯನ್ನು ಕರೆಂಟು ದಾಟಿರಲಿಲ್ಲ.

ಆಸೆ ಹುಟ್ಟಿಸಿದವರು ಪಂಚಾಯ್ತಿ ಚೇರ್ಮನ್ ರಾಮಾಂಜಿನಪ್ಪನವರು. ಅವರದು ದೊಡ್ಡ ದ್ರಾಕ್ಷಿ ತೋಟ. ಲೈನಿಗೆಂದು ಗೂಟ ನೆಟ್ಟಿದ್ದು ಮೊದಲು ಆ ತೋಟದಲ್ಲೇ. ಕೆಲವು ದಿನ ಗೂಟಗಳು ದ್ರಾಕ್ಷಿ ಚಪ್ಪರದ ಕೆಳಗೆ ತಣ್ಣಗೆ ಇದ್ದವು. ಆಮೇಲೆ ಅವಕ್ಕೆ ಕಾಲು ಬಂತು. ಹೇಗೆ ಬಂತೆಂದು ಯಾರೂ ಕಾಣಲಿಲ್ಲ. ಲೈನು ಹಾಕಿಸುತ್ತಿದ್ದ ಎಂಜಿನಿಯರ ಜೀಪಿನ ಹಿಂದಿನ ಸೀಟಿನಲ್ಲಿ ದ್ರಾಕ್ಷಿಯ ಬುಟ್ಟಿ ಕೂತುಕೊಂಡು ಹೋದದ್ದನ್ನು ಮಾತ್ರ ಎಲ್ಲರೂ ಕಂಡರು. ಎಂಜಿನಿಯರು ನಿಯಮ ಬಿಟ್ಟು ಒಂದು ಹೆಜ್ಜೆ ಇಡದ ಮನುಷ್ಯ ಎಂದು ಹೆಸರಿತ್ತು. ದ್ರಾಕ್ಷಿ ತಿನ್ನಬಾರದು ಎಂದು ನಿಯಮದಲ್ಲಿ ಬರೆದಿರಲಿಲ್ಲವೇನೋ.

ಗೂಟಗಳು ನಡೆದು ಬಂದು ಕೇರಿಯ ಆ ಬದಿಗೊಂದು, ಈ ಬದಿಗೊಂದು ನಿಂತವು. ಕೇರಿಯೊಳಗೆ ಒಂದೂ ಇರಲಿಲ್ಲ. ಆದ್ದರಿಂದ ನಮಗೆ ಭಯವಾಗಲಿಲ್ಲ. ಎರಡು ಗೂಟಗಳ ನಡುವೆ ಆಕಾಶದಲ್ಲೂ ಒಂದು ಗೆರೆ ಬೀಳುತ್ತದೆ ಎನ್ನುವುದು ಬಿ.ಎ. ಓದಿದ ನನಗೂ ಹೊಳೆಯಲಿಲ್ಲ. ರಾಮಾಂಜಿನಪ್ಪನವರು ಚರಂಡಿಯ ಆಚೆ ದಡದಲ್ಲಿ ನಿಂತು, ನಿಮ್ಮ ತಲೆಯ ಮೇಲೇ ಕರೆಂಟು ಬರ್ತದೆ ಕಣ್ರೋ, ನಮಗೂ ಇಲ್ಲ ಆ ಯೋಗ ಎಂದರು. ಅವರು ಸುಳ್ಳು ಹೇಳಲಿಲ್ಲ.

ನಲ್ಲಪ್ಪನ ಹೆಂಡತಿ ಪಿಳ್ಳಮ್ಮ, ನನ್ನ ಚಿಕ್ಕವ್ವ, ಎಲ್ಲರಿಗಿಂತ ಮುಂದಿದ್ದಳು. ಮನೆಗೆ ಸುಣ್ಣ ಬಳಿದಳು. ಗಂಡನನ್ನು ಹತ್ತಿಸಿ ನಡುತೊಲೆಗೆ ಒಂದು ದೊಡ್ಡ ಮೊಳೆ ಹೊಡೆಸಿದಳು. ಬಲ್ಬು ತೂಗುಹಾಕಲು. ದೀಪ ಬಂದರೆ ರಾಗಿಯಲ್ಲಿ ಕಲ್ಲು ಕಾಣುತ್ತದೆ ಎಂದಳು. "ನಿಮ್ ಚಿಕ್ಕಪ್ಪನ ಮೊಕಾನೂ ಕತ್ಲಾದ್ ಮ್ಯಾಲೆ ಕಾಣ್ತದಲ್ಲಪ್ಪ, ಅದೊಂದೇ ಯೋಚ್ನೆ ನಂಗೆ" ಎಂದಳು. ಚಿಕ್ಕಪ್ಪ ಮೇಲಿನಿಂದ ಸುತ್ತಿಗೆ ಹಿಡಿದುಕೊಂಡೇ ನಕ್ಕ.

ತಂತಿ ಮೇಲೇರಿತು. ಟವರಿನ ಹತ್ತಿರ ಎತ್ತರಕ್ಕಿದ್ದದ್ದು ನಡುವೆ ಹೊಟ್ಟೆ ಬಿಟ್ಟುಕೊಂಡು ಕೆಳಗೆ ಬಾಗಿತು. ಆ ಹೊಟ್ಟೆಯ ಕೆಳಗೆ ಸರಿಯಾಗಿ ಚಿಕ್ಕವ್ವನ ಮನೆಯ ಹೆಂಚು. ಪಕ್ಕದಲ್ಲಿ ಹೊಂಗೆಮರ. ಅದರ ಸುತ್ತ ಇನ್ನೂ ಕೆಲವು ಮನೆಗಳು. ಚಿಕ್ಕವ್ವ ಸೆರಗು ಸರಿಮಾಡಿಕೊಂಡು ಹೋಗಿ, ಇದರಿಂದ ನಮ್ಮ ಮನೆಗೆ ಎಲ್ಲಿ ಇಳಿಸ್ತೀಯ ಅಣ್ಣ ಎಂದು ಲಕ್ಷ್ಮಯ್ಯನನ್ನು ಕೇಳಿದಳು. ಅವನು ಬೀಡಿಯ ಹೊಗೆ ನೆತ್ತಿಗೇರುವಷ್ಟು ನಕ್ಕ. ಅವಳು ನಗದೆ ನಿಂತಿದ್ದನ್ನು ನೋಡಿ ತಾನೂ ನಿಲ್ಲಿಸಿದ.

"ಇದು ಫ್ಯಾಕ್ಟ್ರಿ ಕರೆಂಟ್ ಕಣಕ್ಕ. ಬಲ್ಬಿಗಲ್ಲ. ಇದು ಇಳಿದ್ರೆ ದೀಪ ಹತ್ತಲ್ಲ, ಮನೆ ಹತ್ಕೊಳ್ತದೆ."

ಉಳಿದದ್ದನ್ನೂ ಅವನೇ ಹೇಳಿದ. ತಂತಿಯ ನೇರ ಕೆಳಗಿನ ಮನೆಗಳು ಖಾಲಿಯಾಗಬೇಕು. ಅಕ್ಕಪಕ್ಕದವರು ಮಾಡು ಎತ್ತರಿಸಬಾರದು, ಹುಲ್ಲು ಒಟ್ಟಬಾರದು. ಹೊಂಗೆಮರ ಬುಡದವರೆಗೆ ಹೋಗಬೇಕು. ಎಲ್ಲಿಗೆ ಹೋಗೋಣ ಎಂದು ಕೇಳಿದರು. ಅದು ತನ್ನ ಕೆಲಸವಲ್ಲ ಎಂದ. ಕೇರಿಯ ಹಿಂದೆ ಉಳಿದಿದ್ದದ್ದು ಕೆರೆಯಂಗಳ ಮಾತ್ರ. ಮಳೆಗಾಲದಲ್ಲಿ ಅಲ್ಲಿ ಕಪ್ಪೆಗಳಿರುತ್ತವೆ.

ಚಿಕ್ಕವ್ವ ಮನೆಯೊಳಗೆ ಹೋಗಿ ಮೊಳೆಯ ಕೆಳಗೆ ಕೂತಳು. ಲಕ್ಷ್ಮಯ್ಯನನ್ನು ಬೈಯಲಿಲ್ಲ. ಕೇರಿಯಲ್ಲಿ ಬೈಗುಳ ಕೇಳುತ್ತಿರುವವರೆಗೆ ಎಲ್ಲ ಸರಿಯಾಗಿದೆ ಎಂದು ಅರ್ಥ.

ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ಬರೆದೆ. ಚಿಕ್ಕಪ್ಪನನ್ನು ಕರೆದುಕೊಂಡು ಬೆಂಗಳೂರಿನ ಕರೆಂಟು ಆಫೀಸಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಹಾಗೆ ಹಲವು ಸಲ ಕೂತೆವು. ಎಂಜಿನಿಯರು ಕೆಟ್ಟ ಮನುಷ್ಯರಲ್ಲ. ಕೊನೆಗೊಂದು ದಿನ ಒಳಗೆ ಕರೆದು ಮೇಜಿನ ಮೇಲೆ ನಕ್ಷೆ ಬಿಡಿಸಿ ತೋರಿಸಿದರು. ನಮ್ಮ ಕೇರಿ ಇರಬೇಕಾದಲ್ಲಿ ಗೋಮಾಳ ಎಂದು ಬರೆದಿತ್ತು.

"ಇಲ್ಲಿ ಮನೆಗಳೇ ಇಲ್ಲವಲ್ಲಪ್ಪ" ಎಂದರು.

ಚಿಕ್ಕಪ್ಪ ಬಗ್ಗಿ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಸಾವಧಾನವಾಗಿ ನೋಡಿದ.

"ಅಂಗಾದ್ರೆ ಸ್ವಾಮಿ, ಬೆಳಿಗ್ಗೆ ನನ್ ಎಂಡ್ರು ನನ್ನ ಎಲ್ಲಿಂದ ಆಚ್ಕೆ ಅಟ್ಟುದ್ಲು?"

ಎಂಜಿನಿಯರು ನಗಲಿಲ್ಲ. ಆಕ್ಷೇಪಣೆ ಹೇಳುವ ಕಾಲ ಮುಗಿದಿದೆ, ನೋಟೀಸನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ಅಂಟಿಸಿತ್ತು ಎಂದರು. ಅಂಟಿಸಿದ್ದು ನಿಜ. ಒಳಗಿನ ಗೋಡೆಗೆ. ನಾವು ಆ ಕಚೇರಿಯ ಹೊಸ್ತಿಲ ಆಚೆ ನಿಂತು ಮಾತಾಡುವವರು. ಇದನ್ನು ನಾನು ಹೇಳಬೇಕಾಗಿತ್ತು. ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಎಂಜಿನಿಯರು ನಕ್ಷೆ ಸುತ್ತಿಟ್ಟರು.

ಬಸ್ಸಿನಲ್ಲಿ ಚಿಕ್ಕಪ್ಪ, ನಿನ್ನ ಕರ್ಕಂಡೋಗಿದ್ದು ಒಳ್ಳೇದಾಯ್ತು, ಕಿಟಕಿ ಪಕ್ಕ ಸೀಟ್ ಇಡ್ದೆ ಎಂದ.

ಇನ್ನು ತಮಟೆಯ ಮಾತು. ನಮ್ಮೂರಿಗೆ ಯಾವ ಸುದ್ದಿ ತಲುಪಬೇಕಾದರೂ ಅದು ನಲ್ಲಪ್ಪನ ಕೈಯಿಂದಲೇ ಹೋಗಬೇಕು. ಅವನ ಅಪ್ಪನ ಕಾಲದಿಂದ, ಅಪ್ಪನ ಅಪ್ಪನ ಕಾಲದಿಂದ ಅದೇ ಪದ್ಧತಿ. ಚೇರ್ಮನ್ನರ ಮನೆಯ ಮುಂದೆ ಬೀದಿಯಲ್ಲಿ ನಿಂತು ಮಾತು ಕೇಳಿಸಿಕೊಳ್ಳಬೇಕು. ತಪ್ಪಾಗದಂತೆ ಅವರೆದುರೇ ಒಮ್ಮೆ ತಿರುಗಿ ಹೇಳಬೇಕು. ಹುಲ್ಲು ಉರಿಸಿ ತಮಟೆ ಕಾಯಿಸಿಕೊಂಡು ಮೂಲೆ ಮೂಲೆಗೂ ಹೋಗಿ ಬಡಿದು ಸಾರಬೇಕು. ಕೊನೆಗೆ ಇದು ಚೇರ್ಮನ್ನರ ಅಪ್ಪಣೆ ಎನ್ನಬೇಕು. ಅವನದೇ ಮಾತು ಒಂದೂ ಇರಬಾರದು. ಚಿಕ್ಕಪ್ಪ ಕಂದಾಯ ಸಾರಿದ್ದ, ಹರಾಜು ಸಾರಿದ್ದ, ಸಾವು ಸಾರಿದ್ದ. ತಾನು ನೀರು ಮುಟ್ಟಲಾಗದ ಬಾವಿಗೆ ಔಷಧಿ ಹಾಕಿದ್ದಾರೆ, ಯಾರೂ ನೀರು ಸೇದಬೇಡಿ ಎಂದು ಸಾರಿದ್ದ.

ಎಮರ್ಜೆನ್ಸಿ ಕಾಲದಲ್ಲಿ ಶಾಲೆಯ ಹತ್ತಿರ ಆಪರೇಷನ್ ಕ್ಯಾಂಪಿದೆ, ಗಂಡಸರೆಲ್ಲ ಬರಬೇಕು ಎಂದು ಸಾರಿದವನೂ ಅವನೇ. ಅದನ್ನು ಕೇಳಿ ಗಂಡಸರೆಲ್ಲ ಹೊಲದ ದಾರಿ ಹಿಡಿದರು. ಜೀಪು ಬಂದಾಗ ಬೀದಿಯಲ್ಲಿ ಕೈಗೆ ಸಿಕ್ಕ ಗಂಡಸು ಒಬ್ಬನೇ. ಅವನ ಕೊರಳಲ್ಲಿ ತಮಟೆ ಇತ್ತು. ಇದನ್ನು ಚಿಕ್ಕವ್ವ ಕೇರಿಯ ಹೆಂಗಸರಿಗೆಲ್ಲ ನಗುನಗುತ್ತ ಹೇಳುತ್ತಿದ್ದಳು. ಕೂಗಿ ಕರೆದವನೇ ಮೊದಲು ಊಟಕ್ಕೆ ಕೂತ ಹಾಗಾಯ್ತು ಎನ್ನುತ್ತಿದ್ದಳು. ಅವರಿಗೆ ಆಗ ಮಕ್ಕಳಿರಲಿಲ್ಲ. ಆಮೇಲೆ ಆಗುವ ಹಾಗಿರಲಿಲ್ಲ. ನಗು ಮುಗಿದ ಮೇಲೆ ಒಂದು ಮೌನ ಬರುತ್ತಿತ್ತು. ಅದನ್ನು ಕೇರಿಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಲೈನಿನ ಕೆಲಸ ಮುಗಿಯಿತು. ಕರೆಂಟು ಬಿಡುವುದೊಂದೇ ಬಾಕಿ. ಅದಕ್ಕೆ ಮೊದಲು ಲೈನು ಹಾಯುವ ಪ್ರತಿ ಊರಿನಲ್ಲೂ ಟಾಂ ಟಾಂ ಹೊಡೆದು ಜನಕ್ಕೆ ತಿಳಿಸಬೇಕು, ಸಾರಿದ ಮಾತನ್ನು ಬರೆದುಕೊಂಡು ಮೇಲಿನವರಿಗೆ ಕಳಿಸಬೇಕು ಎಂದು ಎಂಜಿನಿಯರ ನಿಯಮದಲ್ಲಿತ್ತು. ಉಳಿದ ಊರುಗಳಲ್ಲಿ ಆಗಿತ್ತು. ನಮ್ಮೂರು ಉಳಿದಿತ್ತು. ಬೆಳಿಗ್ಗೆ ಚೇರ್ಮನ್ನರ ಮನೆಯಿಂದ ಚಿಕ್ಕಪ್ಪನಿಗೆ ಕರೆ ಬಂತು. ಚಿಕ್ಕವ್ವ ನನ್ನನ್ನು ಹಿಡಿದು ಅವನ ಹಿಂದೆ ದೂಡಿದಳು.

"ನಿಮ್ ಚಿಕ್ಕಪ್ಪ ಏನಂದ್ರೂ ಊಂ ಅನ್ನೋ ಗಿರಾಕಿ. ಜತೆಗೋಗು. ನೀನು ಮಾತಾಡಾಕಿಲ್ಲ, ಗೊತ್ತು. ಒಸಿ ಕೆಮ್ಮಾದ್ರೂ ಕೆಮ್ಮು."

ರಾಮಾಂಜಿನಪ್ಪನವರ ಮನೆಗೆ ಬಾಗಿಲ ಎರಡೂ ಕಡೆ ಎತ್ತರದ ಜಗುಲಿ. ಕಡಪಾ ಕಲ್ಲು ಹಾಸಿ ಹೊಳೆಯುತ್ತಿತ್ತು. ಒಂದು ಕಡೆ ಅವರು ಕೂತಿದ್ದರು. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಎಂಜಿನಿಯರು. ಬೀದಿಯಲ್ಲಿ ಕಾಯಿಸಿದ ತಮಟೆ ಹಿಡಿದು ಚಿಕ್ಕಪ್ಪ. ಅವನ ಹಿಂದೆ ನಾನು.

"ಕೇಳ್ಕಳ್ಳೋ ನಲ್ಲ" ಎಂದರು ರಾಮಾಂಜಿನಪ್ಪನವರು. "ಸೋಮವಾರದಿಂದ ಲೈನಿಗೆ ಕರೆಂಟ್ ಬಿಡ್ತಾರೆ. ಟವರ್‌ಗೆ ಯಾರೂ ದನ ಕಟ್ಬಾರ್ದು. ತಂತಿ ಕೆಳಗಿನ ಮನೆಯೋರು ಅಷ್ಟ್ರೊಳಗೆ ಖಾಲಿ ಮಾಡ್ಬೇಕು. ಇಷ್ಟೇ. ಹೇಳು ನೋಡಾನ."

ಚಿಕ್ಕಪ್ಪ ತಿರುಗಿ ಹೇಳಲು ಶುರುಮಾಡಿದ. ಸೋಮವಾರ ಎಂದ. ಕರೆಂಟು ಎಂದ. ದನ ಎಂದ. ತಂತಿಯ ಕೆಳಗಿನ ಎಂದು ನಿಲ್ಲಿಸಿದ.

ನಾನು ಮೌನಗಳನ್ನು ಬಲ್ಲವನು. ಆಫೀಸಿನ ಬೆಂಚಿನ ಮೌನ ಒಂದು ಬಗೆ, ಚಿಕ್ಕವ್ವನ ನಗುವಿನ ಹಿಂದಿನದು ಇನ್ನೊಂದು ಬಗೆ. ಇದು ಎರಡೂ ಅಲ್ಲ. ಕಾದ ಚರ್ಮ ಬಡಿತಕ್ಕೆ ಮುಂಚೆ ಬಿಗಿಯಾಗಿ ನಿಂತಿರುತ್ತದಲ್ಲ, ಆ ಥರದ್ದು. ಕೆಮ್ಮಬೇಕು ಎಂದು ನೆನಪಾಯಿತು. ಕೆಮ್ಮೂ ಬರಲಿಲ್ಲ.

"ಸ್ವಾಮಿ, ಅದು ನನ್ ಮನೆ" ಎಂದ ಚಿಕ್ಕಪ್ಪ.

"ಗೊತ್ತು ಕಣೋ. ಸಾರೋದು ನಿನ್ ಕೆಲ್ಸ."

"ಓದ್ಸಲ ಆಪರೇಸನ್ ಸಾರ್ದೆ. ನನ್ನೇ ಜೀಪಿಗಾಕಂಡೋದ್ರು. ಈಗ ಇದ್ನ ಸಾರಿದ್ರೆ ಮನೆ ಓಯ್ತದೆ. ನನ್ ಬಾಯಿಂದ ನಂಗೆ ಒಳ್ಳೇದಾಗಿದ್ದೇ ಇಲ್ಲ ಸ್ವಾಮಿ. ನಾನು ಸಾರಾಕಿಲ್ಲ."

"ಏನಂದೆ?"

"ಸಾರಾಕಿಲ್ಲ."

ರಾಮಾಂಜಿನಪ್ಪನವರು ಎದ್ದು ನಿಂತರು. ಎಂಜಿನಿಯರ ಎದುರಿಗೆ ಆದ ಅವಮಾನ ಅದು. ಮುಖ ಕೆಂಪಾಯಿತು. ಕೆರ ಹೊಲಿಯೋ ಕೈಗೆ ಊರು ಮರ್ಯಾದೆ ಕೊಟ್ಟಿದ್ದೇ ತಪ್ಪಾಯಿತು ಎಂದರು. ಇನ್ನೂ ಹಲವು ಮಾತು ಅಂದರು. ನಾನು ಅವನ್ನು ಬರೆಯುವುದಿಲ್ಲ. ಕೇರಿಯವರಿಗೆ ಗೊತ್ತಿರುವ ಮಾತುಗಳೇ.

"ತಮಟೆ ಊರಿಂದು. ಊರಿನ ಚರ್ಮ. ಸಾರಲ್ಲ ಅಂದ್ಮೇಲೆ ನಿನ್ಗ್ಯಾಕೆ? ಇಟ್ಟು ಓಗು ಇಲ್ಲೇ."

ಚಿಕ್ಕಪ್ಪ ಹೇಳಿದ ಮಾತು ಕೇಳುವವನು. ಎರಡು ಹೆಜ್ಜೆ ಮುಂದೆ ಹೋದ. ಕೊರಳಿಂದ ತಮಟೆ ತೆಗೆದ. ಹೊಳೆಯುವ ಕಡಪಾ ಕಲ್ಲಿನ ಮೇಲೆ, ರಾಮಾಂಜಿನಪ್ಪನವರು ಕೂತೆದ್ದ ಜಾಗದಲ್ಲಿ, ಮೆತ್ತಗೆ ಇಟ್ಟ. ಅದರ ಮೇಲೆ ಬಡಿಯುವ ಕೋಲು ಇಟ್ಟ. ಕೈಮುಗಿದು ಬಂದುಬಿಟ್ಟ.

ಚರಂಡಿ ದಾಟುವವರೆಗೂ ಅವನು ಬಿರಬಿರನೆ ನಡೆದ. ದಾಟಿದ ಮೇಲೆ, ಎಷ್ಟ್ ಜೋರಾಗಿ ಕೆಮ್ದೆ ಕಣೋ ಬಿಎ, ಕಿವಿ ಕಿತ್ತೋಯ್ತು ಎಂದ.

ಆ ಹೊತ್ತಿಗೆ ರಾಮಾಂಜಿನಪ್ಪನವರಿಗೆ ತಾವು ಏನು ಹೇಳಿದೆವು ಎನ್ನುವುದು ತಿಳಿದಿರಬೇಕು. ಅದು ಸತ್ತ ದನದ ಚರ್ಮ. ಹೆಣದ ಮುಂದೆ ಬಡಿಯುವ ತಮಟೆ. ನಮ್ಮ ಕೈಯ ಬೆವರು ತಲೆಮಾರಿನಿಂದ ಇಳಿದಿರುವ ಚೌಕಟ್ಟು. ಅದನ್ನು ಊರಿನ ಯಾವ ಜಾತಿಯವನೂ ಮುಟ್ಟುವ ಹಾಗಿಲ್ಲ. ಅದು ಈಗ ಚೇರ್ಮನ್ನರ ಬಾಗಿಲ ಪಕ್ಕದಲ್ಲಿ ಅವರಿಗಿಂತ ನೆಮ್ಮದಿಯಾಗಿ ಕೂತಿತ್ತು.

ಅವರ ಮನೆಯಲ್ಲಿ ಕೆಲಸಕ್ಕಿದ್ದವರು ನಮ್ಮ ಕೇರಿಯವರೇ. ಮುನಿಯಣ್ಣನಿಗೆ ಎತ್ತಿಬಿಡು ಎಂದರು. ಅವನು ಎರಡು ಕೈ ಹಿಂದಕ್ಕೆ ಕಟ್ಟಿಕೊಂಡು, ಅದು ನಲ್ಲಪ್ಪನ ಪಾಲಿನ ತಮಟೆ ಸ್ವಾಮಿ, ಬೇರೆಯವನು ಮುಟ್ಟಿದರೆ ಕುಲದವರು ನನ್ನ ಆಚೆ ಹಾಕ್ತಾರೆ ಎಂದ. ಮಾತು ಸುಳ್ಳಲ್ಲ. ಒಬ್ಬನ ಊರಿನ ತಮಟೆಯನ್ನು ಇನ್ನೊಬ್ಬ ಬಡಿಯುವುದು ಅವನ ತಟ್ಟೆಯ ಅನ್ನಕ್ಕೆ ಕೈ ಹಾಕಿದ ಹಾಗೆ ಎನ್ನುವುದು ನಮ್ಮವರ ಕಟ್ಟಳೆ. ಬಾಗಲಗುಂಟೆಗೆ ಹೇಳಿಕಳಿಸಿದರು. ಅಲ್ಲಿನವನು ಚಿಕ್ಕವ್ವನ ಅಣ್ಣ. ಕಾಲು ನೋವು ಎಂದ. ನಾಗಸಂದ್ರದವನು ಚಿಕ್ಕಪ್ಪನ ಭಾವಮೈದ. ಅವನಿಗೂ ಅದೇ ಕಾಲು ನೋಯುತ್ತಿತ್ತು. ನಮ್ಮನ್ನು ಚರಂಡಿಯ ಈಚೆ ಕಟ್ಟಿಹಾಕಿದ್ದ ಕಟ್ಟಳೆಗಳೆಲ್ಲ ಆ ವಾರ ಎದ್ದು ಬಂದು ನಮ್ಮ ಪರವಾಗಿ ಕಾವಲು ಕೂತಂತಿತ್ತು.

ರಾಮಾಂಜಿನಪ್ಪನವರ ತಾಯಿ ವೆಂಕಟಮ್ಮನವರು ಹೆಣದ ವಾದ್ಯ ದಾಟಿ ಹೊರಗೆ ಬರುವುದಿಲ್ಲ ಎಂದು ಹಟ ಹಿಡಿದರು. ಮನೆಯವರೆಲ್ಲ ಹಿಂದಿನ ಕೊಟ್ಟಿಗೆಯ ಬಾಗಿಲಿನಿಂದ, ಸಗಣಿ ತುಳಿದುಕೊಂಡು ಓಡಾಡಿದರು. ಮಗ ವೆಂಕಟೇಶಪ್ಪ ಒಳಗಿನಿಂದ ಬಿದಿರು ಗಳ ತೂರಿಸಿ ತಮಟೆಯನ್ನು ಬೀದಿಗೆ ತಳ್ಳಲು ನೋಡಿದ. ಅದು ಎದ್ದು ನಿಂತು, ಗಾಲಿಯ ಹಾಗೆ ಉರುಳಿ, ಬಾಗಿಲಿಗೆ ಢಂ ಎಂದು ಬಡಿದು, ಹೊಸ್ತಿಲ ಮೇಲೆ ಮಲಗಿತು. ಮೊದಲಾದರೆ ಜಗುಲಿಯ ಮೇಲಿತ್ತು. ಅಲ್ಲಿಂದ ಮುಂದೆ ಯಾರೂ ಗಳ ಹಿಡಿಯಲಿಲ್ಲ.

ಚೇರ್ಮನ್ನರನ್ನು ನೋಡಲು ಬಂದವರು ಬೀದಿಯಲ್ಲಿ ನಿಂತರು. ನಾವು ನಿಲ್ಲುವ ಜಾಗ ಅದು. ಚೇರ್ಮನ್ನರೂ ಅಲ್ಲೇ ಬಂದು ನಿಂತು ಮಾತಾಡಿದರು. ಬಿಸಿಲಿತ್ತು. ಮುನಿಯಣ್ಣ ಪ್ರತಿ ಸಂಜೆ ಕೇರಿಗೆ ಬಂದು, ಇವತ್ತು ಯಾರು ಯಾರು ನಿಂತಿದ್ದರು ಎನ್ನುವುದನ್ನು ಹೇಳುತ್ತಿದ್ದ. ಚಿಕ್ಕವ್ವ ಮತ್ತೆ ಬೈಯಲು ಶುರುಮಾಡಿದಳು. ಕೇರಿಗೆ ಜೀವ ಬಂತು.

ಯಶವಂತಪುರದಿಂದ ಮೈಕು ಕಟ್ಟಿದ ಆಟೋ ತರಿಸಿದರು. ಎಂಜಿನಿಯರು ಬೇಡವೆಂದರು. ನಿಯಮದ ಪುಸ್ತಕದಲ್ಲಿ ಟಾಂ ಟಾಂ ಎಂದಿದೆ, ಮೈಕು ಎಂದಿಲ್ಲ. ಬೇರೆಯವರು ಡಬ್ಬ ಬಡಿದರೆ ಆಗುವುದಿಲ್ಲವೇ ಎಂದು ವೆಂಕಟೇಶಪ್ಪ ಕೇಳಿದ. ಡಬ್ಬ ಎಂದೂ ಇಲ್ಲ. ನಕ್ಷೆಯಲ್ಲಿ ಇಲ್ಲದ ಕೇರಿಯನ್ನು ಕಾಣದ ಮನುಷ್ಯ ಪುಸ್ತಕದಲ್ಲಿ ಇಲ್ಲದ ಡಬ್ಬವನ್ನು ಹೇಗೆ ಕೇಳಿಯಾರು. ಸೋಮವಾರ ಬಂತು, ಹೋಯಿತು. ತಂತಿ ಸತ್ತ ಹಾವಿನ ಹಾಗೆ ತೂಗಾಡುತ್ತಿತ್ತು. ಕಾಗೆಗಳು ಬಂದು ಕೂತವು.

ಪೀಣ್ಯದಿಂದ ಒತ್ತಡ ಹೆಚ್ಚಿದ ಮೇಲೆ ಎಂಜಿನಿಯರು ಕೇರಿಗೆ ಬಂದರು. ಜೀಪು ಚರಂಡಿಯ ಆಚೆ ನಿಂತಿತು. ಪ್ಯಾಂಟು ಎತ್ತಿ ಹಿಡಿದು ದಾಟಿ ನಡೆದು ಬಂದರು. ನಡುವಿಗೆ ಬಂದು ತಲೆಯೆತ್ತಿ ತಂತಿ ನೋಡಿದರು. ತಲೆ ತಗ್ಗಿಸಿ ಹೆಂಚು ನೋಡಿದರು. ಬಾಗಿಲಲ್ಲಿ ಒಣಹಾಕಿದ ಸೀರೆ, ಕಟ್ಟೆಯ ಮೇಲಿನ ಮುದುಕಿ, ತಂತಿಯ ನೆರಳು ಬಿದ್ದಿದ್ದ ತೊಟ್ಟಿಲು, ಒಂದೊಂದನ್ನೂ ನೋಡಿದರು. ಅವರಿಗೂ ಮಾತು ಸಿಗದೆ ಹೋದದ್ದನ್ನು ಕಂಡು ನನಗೆ ಅವರ ಮೇಲೆ ಸ್ವಲ್ಪ ಸಲಿಗೆ ಹುಟ್ಟಿತು.

ಚಿಕ್ಕವ್ವ ಒಳಗಿನಿಂದ ಲೋಟದಲ್ಲಿ ನೀರು ತಂದುಕೊಟ್ಟಳು. ಅವರು ಕೈಯಲ್ಲಿ ಹಿಡಿದುಕೊಂಡರು. ಬಾಯಿಗೆ ಎತ್ತಲಿಲ್ಲ.

"ಕುಡೀರಿ ಸಾರ್. ನಕ್ಸೆನಾಗೆ ಇಲ್ದಿರೋ ಮನೆ ನೀರು. ಮೈಲಿಗೆ ಆಗಾಕಿಲ್ಲ."

ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ಎಂಜಿನಿಯರು ಲೋಟವನ್ನು ತುಂ‍ಬಿದ್ದಂತೆಯೇ ಕಟ್ಟೆಯ ಮೇಲಿಟ್ಟರು. ಚಿಕ್ಕವ್ವ ಅದನ್ನು ಕುಂಬಳಬಳ್ಳಿಯ ಬುಡಕ್ಕೆ ಸುರಿದಳು.

ಚಿಕ್ಕಪ್ಪ ಹೊಂಗೆಮರದ ಕೆಳಗೆ ಕೂತಿದ್ದವನು ಎದ್ದು ಬಂದ. ಸಾರಿದ ಮಾತನ್ನು ನೀವು ಹಾಗೇ ಬರೆದುಕೊಳ್ಳಲೇಬೇಕೇ ಎಂದು ಕೇಳಿದ. ಎಂಜಿನಿಯರು ಹೌದೆಂದರು. ಒಂದು ಮಾತೂ ಬಿಡುವುದಿಲ್ಲವೇ ಎಂದ. ಬಿಡುವ ಹಾಗಿಲ್ಲ, ನಿಯಮ ಎಂದರು.

"ಅಂಗಾದ್ರೆ ಸಾರ್ತೀನಿ. ತಮಟೆ ಕೊಡಿಸಿ."

ಸುದ್ದಿ ನಮಗಿಂತ ಮೊದಲೇ ಊರು ಸೇರಿತು. ನಲ್ಲ ಬಗ್ಗಿದ ಎಂದು ಮಾತಾಯಿತು. ನಾವು ಹೋಗುವ ಹೊತ್ತಿಗೆ ರಾಮಾಂಜಿನಪ್ಪನವರು ಬೀದಿಯಲ್ಲಿ ನಗುತ್ತ ನಿಂತಿದ್ದರು. ತಗೊಳ್ಳೋ, ನಿಂದೇ ಅಲ್ವಾ ಎಂದು ಹೊಸ್ತಿಲ ಕಡೆ ಗಲ್ಲ ತೋರಿಸಿದರು. ಚಿಕ್ಕಪ್ಪ ಅಲುಗಲಿಲ್ಲ.

"ಇಟ್ಟು ಓಗು ಅಂದೋರು ನೀವು ಸ್ವಾಮಿ. ನಿಮ್ ಮಾತು ಮೀರಿ ನಾನೆಂಗೆ ಎತ್ಕಳ್ಳಿ? ನೀವೇ ಎತ್ಕೊಡಿ."

ಎಂಜಿನಿಯರು ಗಡಿಯಾರ ನೋಡಿಕೊಂಡರು. ಒಳಗಿನಿಂದ ವೆಂಕಟಮ್ಮನವರು, ಎತ್ತಾಕೋ ಅತ್ಲಾಗೆ, ನನ್ ಸೊಂಟ ಬಿದ್ದೋಗದೆ ಕೊಟ್ಟಿಗೆ ದಾಟಿ ದಾಟಿ ಎಂದು ಕೂಗಿದರು. ರಾಮಾಂಜಿನಪ್ಪನವರು ಹೆಗಲ ಮೇಲಿನ ಟವಲನ್ನು ಕೈಗೆ ಸುತ್ತಿಕೊಂಡರು. ಬಗ್ಗಿದರು. ಎತ್ತಿದರು. ತೂಕ ಗೊತ್ತಿಲ್ಲದ ಕೈ. ತಮಟೆ ವಾಲಿ ಅವರ ಮೊಣಕಾಲಿಗೆ ಬಡಿದು ಢಣ್ ಎಂದಿತು. ತಮಟೆಯ ಸದ್ದಾದರೆ ಬಾಗಿಲಿಗೆ ಬರುವುದು ನಮ್ಮೂರಿನ ರೂಢಿ. ಬೀದಿಯ ಬಾಗಿಲುಗಳೆಲ್ಲ ತೆರೆದವು. ಹೆಂಗಸರು ಮಕ್ಕಳೆಲ್ಲ ಬಂದು, ಚೇರ್ಮನ್ನರು ತಮಟೆ ಹಿಡಿದು ನಿಂತದ್ದನ್ನು ನೋಡಿದರು. ಏನು ಸಾರುತ್ತಾರೋ ಎಂದು ಕಾದರು.

"ಕೈ ಚೆನ್ನಾಗೈತೆ ಸ್ವಾಮಿ" ಎಂದ ಚಿಕ್ಕಪ್ಪ, ಇಸಿದುಕೊಳ್ಳುತ್ತ. "ಒಸಿ ಬೆಂಕಿಗೆ ಕಾಯಿಸಿದ್ರೆ ಇನ್ನೂ ಚೆನ್ನಾಗಿ ಮಾತಾಡ್ತದೆ."

ಬೀದಿಯಲ್ಲೇ ಹುಲ್ಲು ಉರಿಸಿ ಕಾಯಿಸಿದ. ಬೆರಳಿನಿಂದ ತಟ್ಟಿ ನೋಡಿದ. ಈ ಸಲ ಯಾರೂ ಅವನಿಗೆ ಮಾತು ಹೇಳಿಕೊಡಲಿಲ್ಲ. ಅವನು ಯಾರ ಮುಂದೆಯೂ ತಿರುಗಿ ಹೇಳಲಿಲ್ಲ. ಬಡಿದ. ನಿಲ್ಲಿಸಿದ.

"ಕೇಳ್ರಪ್ಪೋ ಕೇಳ್ರಿ. ಈ ಊರ್ನಾಗೆ ಒಂದು ಕೇರಿ ಐತೆ. ಕೇರಿನಾಗೆ ಮನೆ ಅವೆ. ಮನೆನಾಗೆ ಜನ ಅವ್ರೆ. ಅವ್ರ ನೆತ್ತಿ ಮ್ಯಾಲೆ ತಂತಿ ಐತೆ. ಆ ತಂತಿಗೆ ಕರೆಂಟ್ ಬಿಡಬಾರ್ದು. ಗೂಟ ಮೊದ್ಲು ಎಲ್ಲಿತ್ತೋ ಅಲ್ಲಿಗೋಗ್ಲಿ. ನಾವು ಮನೆ ಖಾಲಿ ಮಾಡಾಕಿಲ್ಲ. ಇದು ಯಾರ ಅಪ್ಪಣೆನೂ ಅಲ್ಲ. ನಲ್ಲಪ್ಪ ಹೇಳ್ತಾವ್ನೆ."

ರಾಮಾಂಜಿನಪ್ಪನವರು ಏನೋ ಕೂಗಿದರು. ಕೇಳಿಸಲಿಲ್ಲ. ತಮಟೆ ಮತ್ತೆ ಶುರುವಾಗಿತ್ತು. ಚಿಕ್ಕಪ್ಪ ಬಾವಿಯ ಕಟ್ಟೆಯ ಹತ್ತಿರ ಸಾರಿದ. ಪಂಚಾಯ್ತಿ ಕಚೇರಿಯ ಮುಂದೆ ಎರಡು ಸಲ ಸಾರಿದ. ಶಾಲೆಯ ಹತ್ತಿರ, ಹಿಂದೆ ಜೀಪು ನಿಂತಿದ್ದ ಜಾಗದಲ್ಲಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಮೇಲೆ ಸಾರಿದ. ಅವನ ಹಿಂದೆ ಎಂಜಿನಿಯರು ಬೆವರುತ್ತ ಬರೆದುಕೊಳ್ಳುತ್ತ ನಡೆದರು. ಪಕ್ಕದಲ್ಲಿ ನಾನು. ಎರಡನೇ ಮೂಲೆಯಲ್ಲಿ ಚಿಕ್ಕಪ್ಪನ ದನಿ ಒಡೆಯಿತು. ನೆತ್ತಿ ಮ್ಯಾಲೆ ಎಂದು ಮುಂದೆ ಹೋಗಲಾರದೆ ನಿಂತ. ತಂತಿ ಐತೆ ಎಂದು ಯಾರೋ ಕೂಗಿದರು. ಕೂಗಿದವನು ನಾನು ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಚಿಕ್ಕಪ್ಪ ತಿರುಗಿ ನೋಡಿ ಹುಬ್ಬು ಹಾರಿಸಿದ. ಬಡಿಯುವುದನ್ನು ಮಾತ್ರ ಬಿಡಲಿಲ್ಲ.

ಸಾರಿದ ಮಾತು ಸಾರಿದಂತೆಯೇ ಮೇಲಕ್ಕೆ ಹೋಯಿತು. ಕೇರಿ ಇಲ್ಲ ಎನ್ನುವ ನಕ್ಷೆ, ಕೇರಿ ಇದೆ ಎನ್ನುವ ಟಾಂ ಟಾಂ, ಎರಡೂ ಒಂದೇ ಮೇಜಿನ ಮೇಲೆ ಕೂತವು. ನೋಡಿ ಹೋಗಲು ಬೇರೆ ಅಧಿಕಾರಿಗಳು ಬಂದರು. ಅವರಿಗೂ ಚಿಕ್ಕವ್ವ ನೀರು ಕೊಟ್ಟಳು. ತಂತಿ ಆ ಮಳೆಗಾಲವೆಲ್ಲ ಕರೆಂಟಿಲ್ಲದೆ ತೂಗಾಡಿತು. ಮಳೆ ನಿಂತ ಮೇಲೆ ಗೂಟಗಳು ಬಂದ ದಾರಿಯಲ್ಲೇ ವಾಪಸು ನಡೆದವು.

ತಂತಿ ಇಳಿಸಿದವರೂ ನಾವೇ. ಅದೇ ಹಗ್ಗ, ಅದೇ ಹೆಗಲು, ಲಕ್ಷ್ಮಯ್ಯನ ಅದೇ ಬೈಗುಳ. ದ್ರಾಕ್ಷಿ ತೋಟದ ಬದಿಯಲ್ಲಿ ಹೊಸ ಗುಂಡಿ ತೋಡಿದವರೂ ನಾವು. ಆ ಗುಂಡಿಗಳನ್ನು ತೋಡುವಾಗ ಯಾರಿಗೂ ಸುಸ್ತಾಗಲಿಲ್ಲ ಎಂದು ಲಕ್ಷ್ಮಯ್ಯನೇ ಹೇಳಿದ. ರಾಮಾಂಜಿನಪ್ಪನವರು ಮುನಿಯಣ್ಣನನ್ನು ಕೆಲಸದಿಂದ ಬಿಡಿಸಿದರು. ಅವನು ಪೀಣ್ಯದ ಒಂದು ಶೆಡ್ಡಿನಲ್ಲಿ ಕಬ್ಬಿಣದ ಚೂರು ಗುಡಿಸುವ ಕೆಲಸಕ್ಕೆ ಸೇರಿದ. ಕೇರಿಯ ಇನ್ನೂ ಕೆಲವರಿಗೆ ಊರಿನ ಹೊಲದಲ್ಲಿ ಕೆಲಸ ಸಿಗಲಿಲ್ಲ. ಊರಿನ ಸುದ್ದಿಗಳಿಗೆ ಚೇರ್ಮನ್ನರು ಮೈಕು ಕೊಂಡರು. ಅದು ಹೆಣದ ಮುಂದೆ ನಡೆಯುವುದಿಲ್ಲ ಎಂದು ವೆಂಕಟಮ್ಮನವರಿಗೆ ಚಿಂತೆ.

ಕೇರಿಗೆ ದೀಪ ಇನ್ನೂ ಬಂದಿಲ್ಲ. ಅದಕ್ಕೆ ಬೇರೆ ಅರ್ಜಿ ಬರೆದಿದ್ದೇನೆ. ಅದನ್ನು ಕೊಡಲು ಹೋಗುವಾಗ ಮಾತಾಡುವುದನ್ನೂ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ತಮಟೆಯನ್ನು ಇಟ್ಟು ಹೋಗು ಎಂದು ಆಮೇಲೆ ಯಾರೂ ಹೇಳಲಿಲ್ಲ. ಚಿಕ್ಕಪ್ಪ ಅದನ್ನು ಮನೆಗೆ ತಂದು, ಬಲ್ಬಿಗೆಂದು ಹೊಡೆದಿದ್ದ ಮೊಳೆಗೆ ತೂಗುಹಾಕಿದ. ಮೊನ್ನೆ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಹೋದಾಗ ನಾನು ಮೇಲೆ ನೋಡಿ, ನಾಳೆ ಕರೆಂಟು ಬಂದರೆ ಬಲ್ಬು ಎಲ್ಲಿ ಹಾಕ್ತೀಯ ಚಿಕ್ಕವ್ವ ಎಂದು ಕೇಳಿದೆ.

ಅವಳು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಹೆಬ್ಬೆರಳಿನ ಮಸಿಯನ್ನು ನನ್ನ ಅಂಗಿಗೇ ಒರೆಸಿದಳು.

"ಬರ್ಲಿ ಬಿಡು. ಅದುಕ್ಕೆ ಇನ್ನೊಂದು ಮೊಳೆ ಒಡ್ಸಾನ. ಈ ತಮಟೆ ಮೊಳೆ ಮಾತ್ರ ಬಿಡಾಕಿಲ್ಲ."